ಕಡಲು ಕೇಳದ ಬೆಟ್ಟ

"ಈ ಬೆಟ್ಟಕ್ಕೆ ಕಿವುಡು ಕಣೇ," ಎಂದಳು ಚಿಕ್ಕಮ್ಮ.

ಪರದೆಯ ಮೇಲೆ ಗೆರೆಗಳು ಒಂದರ ಕೆಳಗೊಂದು ಸಾಲಾಗಿ ಮಲಗಿದ್ದವು. ಒಂದೊಂದು ಗೆರೆಯೂ ಒಂದೊಂದು ಊರಿನ ನೆಲದಲ್ಲಿ ಹೂತಿಟ್ಟ ಕಂಪನಮಾಪಕ ಬರೆದದ್ದು. ಎಲ್ಲವೂ ಒಂದೇ ದಿನದ, ಒಂದೇ ಮಧ್ಯಾಹ್ನದ ಗೆರೆಗಳು. ಗಾಢ ನಿದ್ದೆಯಲ್ಲಿರುವವರ ಎದೆಯ ಹಾಗೆ ಎಲ್ಲವೂ ದೊಡ್ಡದಾಗಿ ಏರಿ ಇಳಿಯುತ್ತಿದ್ದವು. ನಮ್ಮ ಬೆಟ್ಟದ ಗೆರೆ ಮಾತ್ರ ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ನುಣ್ಣಗಿತ್ತು.

"ಶಾಂತವಾಗಿದೆ, ಅಷ್ಟೇ ತಾನೇ? ಸಮಿತಿಯವರೂ ಅದನ್ನೇ ಹೇಳ್ತಿರೋದು," ಎಂದೆ.

"ಸಮಿತಿಯವರು ಒಂದೇ ಗೆರೆ ನೋಡಿದ್ದಾರೆ. ನಾವು ಅಕ್ಕಪಕ್ಕದವರದ್ದೂ ನೋಡ್ತಿದ್ದೀವಿ. ದೂರದ ಬೆಟ್ಟ ನುಣ್ಣಗೆ ಕಂಡರೆ ಸರಿ. ಕಾಲಡಿಯ ಬೆಟ್ಟವೂ ಇಷ್ಟು ನುಣ್ಣಗೆ ಕಂಡರೆ ಅನುಮಾನ ಪಡಬೇಕು."

ಸುರಂಗ ಕೊರೆಯುತ್ತಿದ್ದ ಬೆಟ್ಟ ಒಳಗೊಳಗೇ ಬಿರುಕು ಬಿಡುತ್ತಿದೆ ಎಂದು ಹೇಳಿ ಪೂರ್ವದ ತಪ್ಪಲಿನ ಊರನ್ನೆಲ್ಲ ಪಶ್ಚಿಮದ ತಪ್ಪಲಿನ ಶಾಲೆಗೆ ಸಾಗಿಸಿದ, ಭೂವಿಜ್ಞಾನಿಯಾದ ನನ್ನ ಭಾವ, ಎರಡೇ ದಿನಕ್ಕೆ 'ನಾನು ಹೇಳಿದ್ದು ಸುಳ್ಳು' ಎಂದು ತಾವಾಗಿಯೇ ಒಪ್ಪಿಕೊಂಡು ಪೊಲೀಸ್ ಠಾಣೆಯಲ್ಲಿ ಕೂತಿದ್ದರು; ಅವರನ್ನು ಬಲ್ಲ ಒಬ್ಬರೂ ಆ ಮಾತನ್ನು ನಂಬಿರಲಿಲ್ಲ.

ಸಂಜೆ ಐದಕ್ಕೆ ತನಿಖಾ ಸಮಿತಿಯ ಅಧ್ಯಕ್ಷರು ತೀರ್ಪು ಓದುವವರಿದ್ದರು. ಎಚ್ಚರಿಕೆ ಸುಳ್ಳು ಎಂದು ತೀರ್ಮಾನವಾದರೆ ಭಾವ ಜೈಲಿಗೆ, ಜನ ತಮ್ಮ ತಮ್ಮ ಮನೆಗೆ. ಆ ಜನರ ನಡುವೆ ನನ್ನ ಅಕ್ಕ ಇದ್ದಳು, ಅವಳ ಮಗಳು ಪಾಪು ಇದ್ದಳು. ಭಾವ ಹೇಳಿದ್ದು ನಿಜವಾಗಿದ್ದರೆ ಅವರೆಲ್ಲ ವಾಪಸು ಹೋಗುವುದು ಒಡೆಯುತ್ತಿರುವ ಬೆಟ್ಟದ ಬುಡಕ್ಕೆ.

ಗಡಿಯಾರದಲ್ಲಿ ಆಗಲೇ ನಾಲ್ಕು ದಾಟಿತ್ತು.

ಭೂವಿಜ್ಞಾನ ಕೇಂದ್ರದ ಈ ಕೋಣೆ ನನಗೆ ಹೊಸದಲ್ಲ. ಇಲ್ಲಿ ಪ್ರಕಟಣೆಗಳನ್ನು ಬರೆಯುವ ಕೆಲಸ ನನ್ನದು. 'ಸಾಧ್ಯತೆ' ಎನ್ನಬೇಕಾದ ಕಡೆ 'ಸಂಭವ' ಎಂದು ಬರೆದೆನೇನೋ ಎಂದು ಮನೆಗೆ ಹೋದ ಮೇಲೂ ಚಿಂತೆ ಮಾಡುವವಳು ನಾನು. ಚಿಕ್ಕಮ್ಮನ ದಾರಿ ಬೇರೆ. ವಿಮಾ ಕಂಪನಿಗಳ ಪರವಾಗಿ ಸುಳ್ಳು ಬೆಂಕಿ, ಸುಳ್ಳು ಕಳ್ಳತನಗಳ ಪತ್ತೆ ಮಾಡಿ ತಲೆ ನರೆಸಿಕೊಂಡವಳು. ವಿಜ್ಞಾನ ಓದಿದವಳಲ್ಲ. ಆದರೆ ಎಲ್ಲಿ ಏನಿರಬೇಕಿತ್ತೋ ಅದು ಇಲ್ಲದಿದ್ದರೆ ಅವಳ ಮೂಗು ತಾನಾಗಿ ಅರಳುತ್ತದೆ.

"ಇವರೆಲ್ಲ ಯಾರು? ಈ ಗೆರೆ ಕೊಟ್ಟವರು?" ಎಂದು ಕೇಳಿದಳು.

"ನೀನು ಮೊನ್ನೆ ನನ್ನ ಕೈಲಿ ಕಾಗದ ಬರೆಸಿದೆಯಲ್ಲ, ಆ ನೆರೆಯ ಸಂಸ್ಥೆಗಳು. ಇಲ್ಲಿಯವರೆಗೆ ಒಪ್ಪಂದ ಆಗಿರಲಿಲ್ಲ. ಇವತ್ತು ಬೆಳಿಗ್ಗೆ ಬಾಗಿಲು ತೆಗೆದಿದ್ದಾರೆ."

"ಮುಖ ನೋಡಿಲ್ಲ, ಮಾತಾಡಿಲ್ಲ. ಕೇಳಿದ್ದಕ್ಕೆ ಕೊಟ್ಟುಬಿಟ್ಟರಾ?"

"ಗ್ರಿಡ್ ಅಂದರೆ ಅದೇ ಚಿಕ್ಕಮ್ಮ."

ಅವಳಿಗೆ ನಾನು ವಿವರಿಸಿದೆ. ವಿವರಿಸುವಾಗಲೆಲ್ಲ ನನಗೇ ಮತ್ತೆ ಅಚ್ಚರಿಯಾಗುತ್ತದೆ. ಇಲ್ಲಿ ಯಾರೂ ತಮ್ಮ ದತ್ತಾಂಶವನ್ನು ಒಂದೇ ಕಡೆ ತಂದು ಸುರಿಯುವುದಿಲ್ಲ. ಮಳೆ ಅಳೆದವರ ಮಳೆ ಅವರಲ್ಲೇ ಇರುತ್ತದೆ. ಉಪಗ್ರಹದವರ ಚಿತ್ರ ಅವರಲ್ಲೇ. ಆದರೆ ಎಲ್ಲರೂ ತಮ್ಮ ಬಾಗಿಲಿಗೆ ಒಂದೇ ಬಗೆಯ ಚಿಲಕ ಹಾಕಿಸಿಕೊಂಡಿದ್ದಾರೆ. ಅದಕ್ಕೆ ವೆಬ್ ಸೇವೆ ಎನ್ನುತ್ತಾರೆ. ಆ ಚಿಲಕ ತೆಗೆಯುವುದು ಕಲಿತವರು ಯಾರ ಮನೆಗೂ ಹೋಗಿ ಬೇಕಾದ್ದನ್ನು ಕೇಳಬಹುದು. ಲೆಕ್ಕ ದೊಡ್ಡದಾದರೆ ಅದನ್ನು ತುಂಡು ಮಾಡಿ, ಯಾವ ದೇಶದಲ್ಲಿ ಯಾರ ಯಂತ್ರ ಬಿಡುವಾಗಿದೆಯೋ ಅಲ್ಲಿಗೆ ಕಳಿಸಲಾಗುತ್ತದೆ. ನಮ್ಮ ಬೆಟ್ಟದ ಲೆಕ್ಕವನ್ನು ಹಿಮನದಿ ಅಳೆಯುವವರ ಯಂತ್ರ ಮಾಡಿಕೊಡುತ್ತದೆ. ಅವರ ಹಿಮದ ಲೆಕ್ಕಕ್ಕೆ ನಮ್ಮ ಯಂತ್ರ ದುಡಿಯುತ್ತದೆ.

"ನೋಡಿ ಕಲೀಬೇಕು. ನಮ್ಮ ಬೀದಿಯಲ್ಲಿ ಪಕ್ಕದ ಮನೆಯವರ ಏಣಿ ಕೇಳಿದರೆ ಮುಖ ತಿರುಗಿಸ್ತಾರೆ," ಎಂದಳು ಚಿಕ್ಕಮ್ಮ. ಆಮೇಲೆ ಪರದೆಗೆ ಬೆರಳಿಟ್ಟಳು. "ಸರಿ, ಇವರೆಲ್ಲರ ನೆಲ ಯಾಕೆ ಹೀಗೆ ಏದುಸಿರು ಬಿಡ್ತಿದೆ? ಭೂಕಂಪವಾ?"

"ಅಲ್ಲ, ಅದು ಗದ್ದಲ. ಎಲ್ಲರೂ ಅದನ್ನ ಸೋಸಿ ಬಿಸಾಕ್ತಾರೆ."

"ಬಿಸಾಕೋದು ಆಮೇಲೆ. ಗದ್ದಲ ಮಾಡ್ತಿರೋದು ಯಾರು?"

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಒಬ್ಬರಿದ್ದರು.

ನಮ್ಮ ಕೇಂದ್ರದಲ್ಲಿ ಅವರನ್ನು ಎಲ್ಲರೂ ಕಡಲಕ್ಕ ಎನ್ನುತ್ತೇವೆ. ಯಾವುದೋ ದೂರದ ತೀರದಲ್ಲಿ ಕೂತು ಲೋಕದ ಕಂಪನಮಾಪಕಗಳ ಗದ್ದಲವನ್ನಷ್ಟೇ ಅಧ್ಯಯನ ಮಾಡುವವರು. ಕರೆ ಮಾಡಿದಾಗ ಅವರು ಏನೋ ಅಗಿಯುತ್ತಿದ್ದರು.

"ಯಾವ ದಿನ? ಓಹೋ, ಆವತ್ತಾ!" ಅಗಿಯುವುದು ನಿಂತಿತು. "ಆವತ್ತು ಕಡಲಲ್ಲಿ ದೊಡ್ಡ ಬಿರುಗಾಳಿ ಕಣಮ್ಮ. ಅಲೆ ಅನ್ನೋದು ದಡಕ್ಕೆ ಬಂದು ಮುಗಿದುಹೋಗೋದಲ್ಲ. ಅದರ ಗುದ್ದು ನೆಲದೊಳಗೆ ಇಳಿದು ಒಳನಾಡಿನ ತನಕ ನಡೀತಾನೇ ಇರುತ್ತೆ. ಕಡಲನ್ನೇ ನೋಡದ ಊರಿನ ಬಂಡೆಯೂ ಕಡಲು ಎದ್ದಾಗ ಏಳುತ್ತೆ, ಕಡಲು ಮಲಗಿದಾಗ ಮಲಗುತ್ತೆ."

"ಯಾವುದಾದರೂ ಬೆಟ್ಟಕ್ಕೆ ಅದು ತಟ್ಟದೇ ಇರಬಹುದಾ?" ಚಿಕ್ಕಮ್ಮ ಫೋನಿನತ್ತ ಬಗ್ಗಿದಳು.

"ನೆಲದ ಮೇಲಿರೋ ಬೆಟ್ಟಕ್ಕಾ? ಸಾಧ್ಯವೇ ಇಲ್ಲ. ಆಕಾಶದಲ್ಲಿ ತೇಲೋ ಬೆಟ್ಟ ಇದ್ದರೆ ಹೇಳಿ, ನಾನೂ ಬಂದು ನೋಡ್ತೀನಿ."

ಚಿಕ್ಕಮ್ಮ ನನ್ನತ್ತ ತಿರುಗಿದಳು. ಅವಳ ಮೂಗು ಅರಳಿತ್ತು.

ಅರ್ಥವಾಯಿತು. ಬಿರುಗಾಳಿಯ ದಿನದ ತಾರೀಖು ಹಚ್ಚಿದ ನಮ್ಮ ಬೆಟ್ಟದ ಗೆರೆಯಲ್ಲಿ ಇದ್ದದ್ದು ಮಲಗಿದ ಕಡಲು. ಯಾರೋ ಬೇರೊಂದು ಶಾಂತ ದಿನದ ಗೆರೆಯನ್ನು ಕತ್ತರಿಸಿ ತಂದು ಅಲ್ಲಿ ಅಂಟಿಸಿದ್ದರು. ಬಿರುಕಿನ ಸದ್ದನ್ನು ಅಳಿಸುವುದಕ್ಕೆ ಮರೆಯಲಿಲ್ಲ. ಬಿಸಾಡುವ ಗದ್ದಲ ಎಂದು ಕಡಲನ್ನು ಮಾತ್ರ ಮರೆತಿದ್ದರು.

"ನಮ್ಮಲ್ಲಿರೋ ಪ್ರತಿ ಬೇರೆ ಕಡೆಗಳಲ್ಲೂ ಇರುತ್ತಲ್ಲ?" ಎಂದಳು ಚಿಕ್ಕಮ್ಮ.

"ಇರುತ್ತೆ. ಆದರೆ ಮೂಲ ಬದಲಾದರೆ ಪ್ರತಿಗಳೂ ತಾವಾಗಿ ಬದಲಾಗ್ತವೆ. ನಂಬಿಕೆಯ ಮೇಲೆ ನಡೆಯೋ ಏರ್ಪಾಡು ಅದು."

ಫೋನಿನಲ್ಲಿ ಕಡಲಕ್ಕ ಕೆಮ್ಮಿದರು. "ನನ್ನದು ಬದಲಾಗಲ್ಲಪ್ಪ. ಗೆರೆ ಹುಟ್ಟಿದ ಗಳಿಗೆಯಲ್ಲೇ ನನ್ನ ಕಡೆಗೂ ಒಂದು ಹರಿದು ಬರೋ ಹಾಗೆ ಮಾಡ್ಕೊಂಡಿದ್ದೀನಿ. ನಿಮ್ಮೆಲ್ಲರ ಕಸವೇ ನನ್ನ ಕಣಜ. ಹಳೆಯದರಲ್ಲಿ ಹುಡುಕಬೇಕು, ಸ್ವಲ್ಪ ಹೊತ್ತು ಕೊಡಿ. ಅಸಲು ಗೆರೆ ಕಳಿಸ್ತೀನಿ."

ಯಾರಿಗೂ ಬೇಡವಾದ ಗದ್ದಲವನ್ನು ಅಕ್ಕರೆಯಿಂದ ಕೂಡಿಟ್ಟ ನಾನೆಂದೂ ಮುಖ ನೋಡದ ಆ ಹೆಂಗಸಿಗೆ ಕೈ ಮುಗಿಯಬೇಕೆನಿಸಿತು.

ಚಿಕ್ಕಮ್ಮ ಆಗಲೇ ಅಧ್ಯಕ್ಷರ ನಂಬರು ಒತ್ತುತ್ತಿದ್ದಳು.

"ಚಿಕ್ಕಮ್ಮ, ಅಸಲು ಗೆರೆ ಬರಲಿ. ನೋಡಿಯೇ ಹೇಳೋಣ," ಎಂದೆ.

"ಬಸ್ಸುಗಳು ಶಾಲೆ ಮುಂದೆ ನಿಂತಿವೆ ಅಂತ ನಿಮ್ಮ ಅಕ್ಕನೇ ಹೇಳಿದಳಲ್ಲ. ಜನ ಹತ್ತಿ ಕೂತ ಮೇಲೆ ಹೇಳೋದಾ?"

"ಅರ್ಧ ಗೊತ್ತಿದ್ದಾಗ ಪೂರ್ತಿ ಹೇಳಬಾರದು ಅಂತ..."

"ನೀನು ಹೀಗೇ ಕೂತಿರು. ನಿನ್ನ ಎಚ್ಚರಿಕೆಗೆ ಒಂದು ಹಾರ ಹಾಕಿಸ್ತೀನಿ."

ಅವಳು ಮಾತಾಡಿದ್ದು ಚುಟುಕಾಗಿ. ಗೆರೆ ಬದಲಾಗಿದೆ, ಪುರಾವೆ ಇದೆ, ಎಚ್ಚರಿಕೆ ಸುಳ್ಳಲ್ಲ, ಜನರನ್ನು ಬೆಟ್ಟದ ಪೂರ್ವಕ್ಕೆ ಕಳಿಸಬೇಡಿ. ಆ ಕಡೆ ಅಧ್ಯಕ್ಷರು ಮೊದಲು ಸಿಡುಕಿದರು, ಆಮೇಲೆ ಎರಡು ಸಲ 'ಕಡಲಾ?' ಎಂದು ಕೇಳಿದರು, ಕೊನೆಗೆ ಒಪ್ಪಿದರು. "ಆಯ್ತು. ಜನ ಶಾಲೆಯಲ್ಲೇ ಇರಲಿ. ಬಸ್ಸು ವಾಪಸು ಕಳಿಸ್ತೀನಿ," ಎಂದರು.

ಚಿಕ್ಕಮ್ಮ ಫೋನಿಟ್ಟು ಸೆರಗಿನಿಂದ ಹಣೆ ಒರೆಸಿಕೊಂಡಳು. ಅವಳ ಬಗ್ಗೆ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ನನ್ನ ಅಳುಕಿಗೆ ನಾನೇ ಗದರಿದೆ.

"ಈಗ ಹೆಗ್ಗಣ ಹಿಡಿಯೋಣ. ಉಗ್ರಾಣಿಯನ್ನು ಕರಿ."

ಉಗ್ರಾಣಿ ಎಂದರೆ ನಮ್ಮ ದತ್ತಾಂಶ ಭಂಡಾರದ ಮುಖ್ಯಸ್ಥರು. ಮೂಲ ಗೆರೆಗಳನ್ನು ಮುಟ್ಟುವ ಹಕ್ಕು ಇರುವುದು ಅವರೊಬ್ಬರಿಗೆ. ಕನ್ನಡಕವನ್ನು ಹಣೆಯ ಮೇಲೇರಿಸಿ ಅದನ್ನೇ ಕೋಣೆ ಕೋಣೆ ಹುಡುಕುವ ಮನುಷ್ಯ. ಭಾವನ ಗೆಳೆಯರು ಕೂಡ. ಪಾಪುವಿಗೆ ಇವರು 'ಮರೆವಿನ ಮಾಮ'.

ಬಾಗಿಲಲ್ಲಿ ನಿಂತವರು ನಮ್ಮನ್ನು ನೋಡುವ ಮೊದಲು ಗೋಡೆ ಗಡಿಯಾರ ನೋಡಿದರು. ನಾನು ಗಮನಿಸಿದೆ.

"ಬನ್ನಿ ಉಗ್ರಾಣಿಗಳೇ, ಕೂತ್ಕೊಳ್ಳಿ. ನಿಮ್ಮ ಕಣಜಕ್ಕೆ ಹೆಗ್ಗಣ ಹೊಕ್ಕಿದೆ," ಎಂದಳು ಚಿಕ್ಕಮ್ಮ.

"ಹೆಗ್ಗಣಕ್ಕೆ ನನ್ನಲ್ಲೇನು ಸಿಗುತ್ತೆ ಮೇಡಂ? ಬರೀ ಅಂಕಿ. ಹಲ್ಲು ಮುರೀಬೇಕು ಅಷ್ಟೇ," ಎಂದು ಅವರು ನಕ್ಕರು. ನಗು ಕಣ್ಣಿಗೆ ಏರಲಿಲ್ಲ.

"ಈ ಗೆರೆ ಯಾವ ದಿನದ್ದು?"

"ಮೇಲೇ ಬರೆದಿದೆಯಲ್ಲ."

"ಹಾಲಿನ ಡಬ್ಬಿ ಮೇಲೆ ಹಾಲು ಅಂತ ಬರೆದಿರುತ್ತೆ. ಒಳಗೆ ಏನು ಸುರಿದಿದ್ದೀರಿ ಅಂತ ಕೇಳಿದ್ದು." ಅವಳು ಕುರ್ಚಿ ಸರಿಸಿ ಪರದೆಯನ್ನು ಅವರತ್ತ ತಿರುಗಿಸಿದಳು. "ಸುತ್ತಲ ಊರುಗಳಿಗೆಲ್ಲ ಆವತ್ತು ಕಡಲು ಕೇಳಿಸಿದೆ. ನಿಮ್ಮ ಬೆಟ್ಟಕ್ಕೆ ಮಾತ್ರ ಕೇಳಿಸಿಲ್ಲ. ಯಾಕೆ?"

ಉಗ್ರಾಣಿ ಕನ್ನಡಕವನ್ನು ಕಣ್ಣಿಗಿಳಿಸಿದರು. ಗೆರೆಗಳನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓದಿದರು. ಅವರ ಮುಖದಲ್ಲಿ ಮೊದಲು ಬಂದದ್ದು ಭಯವಲ್ಲ, ಮೆಚ್ಚುಗೆ.

"ಛೆ! ಕಡಲು," ಎಂದರು ಮೆಲ್ಲಗೆ. "ಇಷ್ಟು ವರ್ಷ ಸೋಸಿ ಸೋಸಿ ಅದು ಇದೆ ಅನ್ನೋದೇ ಮರೆತುಹೋಗಿತ್ತು. ಭೇಷ್ ಮೇಡಂ. ನಮ್ಮ ಹುಡುಗರಿಗೆ ಪಾಠ ಮಾಡಬೇಕು ನೀವು."

"ಹಾಗಾದರೆ ಒಪ್ಪಿಕೊಂಡಿರಿ."

"ಅಂಟಿಸಿದ್ದು ನಾನೇ. ಆವತ್ತಿನದ್ದು, ಮರುದಿನದ್ದು, ಎರಡೂ."

ನಾನು ಅವರೆದುರು ಹೋಗಿ ನಿಂತೆ. "ಸರ್, ಭಾವ ನಿಮ್ಮ ಮನೆಯಲ್ಲಿ ಕೂತು ಊಟ ಮಾಡಿದವರು. ಅವರು ಜೈಲಿಗೆ ಹೋಗೋದನ್ನ ನೋಡ್ತಾ ಹೇಗೆ ಸುಮ್ಮನಿದ್ದಿರಿ?"

ಅವರು ನನ್ನತ್ತ ನೋಡಲಿಲ್ಲ. ಮತ್ತೆ ಗಡಿಯಾರದತ್ತ ನೋಡಿದರು.

"ಯಾರು ಮಾಡಿಸಿದ್ದು? ಸುರಂಗ ಕೊರೆಯೋ ಕಂಪನಿಯವರಾ? ಅಧ್ಯಕ್ಷರಾ?" ಎಂದಳು ಚಿಕ್ಕಮ್ಮ.

"ಐದು ಗಂಟೆ ಆಗಲಿ, ಹೇಳ್ತೀನಿ. ಮಾತು ಕೊಟ್ಟಿದ್ದೀನಿ."

"ಐದಕ್ಕೆ ಏನಾಗುತ್ತೆ?"

"ಜನ ಮನೆಗೆ ಹೋಗ್ತಾರೆ."

"ಹೋಗಲ್ಲ," ಎಂದಳು ಚಿಕ್ಕಮ್ಮ, ಇಸ್ಪೀಟಿನ ಕೊನೆಯ ಎಲೆ ಇಳಿಸುವವಳ ಹಾಗೆ. "ನಾನು ನಿಲ್ಲಿಸಿದ್ದೀನಿ. ಅಧ್ಯಕ್ಷರು ಒಪ್ಪಿದರು. ಜನ ಶಾಲೆಯಲ್ಲೇ ಇರ್ತಾರೆ."

ಉಗ್ರಾಣಿ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಏನು ಮಾಡಿದಿರಿ!" ಎಂದರು. ಅದು ಬೈಗುಳವಾಗಿರಲಿಲ್ಲ. ಮಗು ಬಾವಿಯ ಕಟ್ಟೆ ಹತ್ತಿದ್ದನ್ನು ಕಂಡವರ ದನಿ. "ಅಯ್ಯೋ, ಏನು ಮಾಡಿಬಿಟ್ಟಿರಿ ತಾಯಿ..."

"ನಾಟಕ ಬೇಡ. ಯಾರು ಮಾಡಿಸಿದ್ದು ಹೇಳಿ."

"ಇವಳ ಭಾವನೇ ಮಾಡಿಸಿದ್ದು!"

ಚಿಕ್ಕಮ್ಮ ಪರದೆಯ ಗೆರೆಗಳತ್ತ ಮತ್ತೊಮ್ಮೆ ತಿರುಗಿದಳು.

"ನಮ್ಮ ಬೆಟ್ಟದ ಮೇಲಿದ್ದದ್ದು ಒಂದೇ ಮಾಪಕ," ಎಂದರು ಉಗ್ರಾಣಿ. ಬಿದ್ದ ಕುರ್ಚಿಯನ್ನು ಎತ್ತುವುದೂ ಅವರಿಗೆ ತೋಚಲಿಲ್ಲ. "ಒಂದೇ ಮಾಪಕ ಇದ್ದರೆ ಸದ್ದು ಯಾವ ಸಾಲಿನಲ್ಲಿ ಬಂತು ಅಂತ ಗೊತ್ತಾಗುತ್ತೆ. ಸಾಲಿನ ಯಾವ ತುದಿಯಿಂದ ಬಂತು ಅಂತ ಗೊತ್ತಾಗಲ್ಲ. ಪೂರ್ವವೋ ಪಶ್ಚಿಮವೋ? ಸುರಂಗ ಕೊರೆಯೋದು ಪೂರ್ವದಲ್ಲಿ. ಅದಕ್ಕೇ ಅವನು ಪೂರ್ವ ಅಂದ, ಊರು ಖಾಲಿ ಮಾಡಿಸಿದ. ಸುರಂಗದ ಕೆಲಸವೂ ನಿಂತಿತು. ಬಿರುಕಿನ ಸದ್ದು ನಿಲ್ಲಲಿಲ್ಲ."

"ಅಂದರೆ..." ಎಂದಳು ಚಿಕ್ಕಮ್ಮ. ಅವಳ ದನಿಯಲ್ಲಿ ಅಂಥ ಅಳುಕನ್ನು ನಾನು ಎಂದೂ ಕೇಳಿರಲಿಲ್ಲ.

"ಅಂದರೆ ಒಡೀತಿರೋದು ಪಶ್ಚಿಮ, ಶಾಲೆಯ ಕಡೆ ಅಂತ ಅವನಿಗೆ ಅನ್ನಿಸ್ತು. ಅಧ್ಯಕ್ಷರ ಮನೆಗೆ ಓಡಿದ. 'ನಿನ್ನೆ ಆ ಕಡೆ ಅಂದಿರಿ, ಇವತ್ತು ಈ ಕಡೆ ಅಂತೀರಿ, ಊರಿನವರೇನು ಕುರಿಮಂದೆಯಾ? ಪುರಾವೆ ತನ್ನಿ' ಅಂದರಂತೆ. ಪುರಾವೆ ಬೇಕಾದರೆ ನೆರೆಯವರ ಮಾಪಕ ಬೇಕು. ಆಗಿನ್ನೂ ಅವರ ಬಾಗಿಲು ತೆರೆದಿರಲಿಲ್ಲ. ಕಾಯೋಕೆ ಧೈರ್ಯ ಸಾಲಲಿಲ್ಲ ಅವನಿಗೆ. ನನ್ನ ಹತ್ರ ಬಂದ. 'ನಾನು ಎರಡನೇ ಸಲ ಹೇಳಿದರೆ ಯಾರೂ ಕೇಳಲ್ಲ ಮಾರಾಯ. ಮೊದಲನೇ ಸಲ ಹೇಳಿದ್ದೇ ಸುಳ್ಳು ಅಂದರೆ ಎಲ್ಲರೂ ಖುಷಿಯಿಂದ ಕೇಳ್ತಾರೆ. ತಾವಾಗೇ ಮನೆಗೆ ಹೋಗ್ತಾರೆ' ಅಂದ."

ಸುಳ್ಳು ಎಂದು ಒಪ್ಪಿಕೊಂಡರೆ ಸಾಲದು. ಗೆರೆಯೂ ಹಾಗೇ ಹೇಳಬೇಕು. ಅದಕ್ಕೇ ಅಂಟಿಸಿದ್ದು.

ನನಗೆ ಅಳು ಬಂತು. ಭಾವ ಮಾತು ಕಡಿಮೆಯ ಮನುಷ್ಯ. ಚಪ್ಪಲಿ ಕಿತ್ತುಹೋದರೆ ಯಾರಿಗೂ ಗೊತ್ತಾಗದ ಹಾಗೆ ಕಾಲೆಳೆದು ನಡೆಯುವವರು. ಈ ಸಲ ತಮ್ಮ ಮಾನವನ್ನೇ ಹಾಗೆ ಸದ್ದಿಲ್ಲದೆ ಕಳೆದುಕೊಂಡು ಒಂದು ಊರಿನ ಜನರನ್ನು ಬೆಟ್ಟದ ಬಾಯಿಂದ ಎತ್ತಿ ಮನೆಗೆ ಕಳಿಸಲು ಹೊರಟಿದ್ದರು. ನಾವು ಆ ಮಾನವನ್ನು ಹುಡುಕಿ ತಂದು ಅವರ ಕೈಗೆ ವಾಪಸು ಕೊಟ್ಟಿದ್ದೆವು.

"ಅನ್ನಿಸ್ತು ಅಂದಿರಿ. ಖಚಿತ ಅಲ್ಲ," ಎಂದಳು ಚಿಕ್ಕಮ್ಮ, ಹುಲ್ಲುಕಡ್ಡಿ ಹಿಡಿಯುವವಳ ಹಾಗೆ.

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಕಡಲಕ್ಕನ ಹೆಸರು ಮಿನುಗಿತು. ಅಸಲು ಗೆರೆ ಬಂದಿತ್ತು.

ಕಡಲಿನ ದೊಡ್ಡ ಏರಿಳಿತ ಅದರಲ್ಲಿ ಪೂರ್ತಿ ಇತ್ತು. ಅದರ ಬೆನ್ನ ಮೇಲೆ ಸಣ್ಣ ಸಣ್ಣ ಮುಳ್ಳುಗಳು ಎದ್ದಿದ್ದವು, ಬರಬರುತ್ತ ಹತ್ತಿರ ಹತ್ತಿರ. ಬಿರುಕುಗಳು.

ಉಗ್ರಾಣಿ ಕೀಲಿಮಣೆ ಎಳೆದುಕೊಂಡರು. ಬಿರುಕು ಎದ್ದ ಗಳಿಗೆ ಅಸಲು ಗೆರೆಯಿಂದ ಗೊತ್ತಾಯಿತು. ಅದೇ ಗಳಿಗೆಗೆ ನೆರೆಯವರ ಗೆರೆಗಳಲ್ಲಿ ಹುಡುಕಿದರೆ ಅದೇ ಮುಳ್ಳು ಇನ್ನೂ ಸಣ್ಣದಾಗಿ ಸಿಕ್ಕಿತು, ಒಂದು ಕಡೆ ಮೊದಲು, ಇನ್ನೊಂದು ಕಡೆ ತುಸು ತಡವಾಗಿ. ಆ ತಡಗಳನ್ನೆಲ್ಲ ಕೂಡಿಸಿ ಅವರು ಲೆಕ್ಕವನ್ನು ಗ್ರಿಡ್‌ಗೆ ಬಿಟ್ಟರು. ಎಲ್ಲೋ ಗುರುತಿಲ್ಲದ ಊರುಗಳಲ್ಲಿ, ನಮ್ಮ ಪಾಪುವಿನ ಹೆಸರೂ ಕೇಳದವರ ಯಂತ್ರಗಳು ತಮ್ಮ ಕೆಲಸ ಬದಿಗಿಟ್ಟು ನಮ್ಮ ಬೆಟ್ಟವನ್ನು ಎತ್ತಿಕೊಂಡವು. ಒಬ್ಬರೇ ಕೂತು ಮಾಡಿದ್ದರೆ ರಾತ್ರಿ ಕಳೆಯಬೇಕಿದ್ದ ಲೆಕ್ಕ. ಉಗ್ರಾಣಿ ಕನ್ನಡಕ ಒರೆಸಿ ಮುಗಿಸುವುದರೊಳಗೆ ಉತ್ತರ ಬಂತು.

ನಕ್ಷೆಯ ಮೇಲೆ ಕೆಂಪು ಚುಕ್ಕೆಗಳು ಒಂದೊಂದಾಗಿ ಬಿದ್ದವು. ಪೂರ್ವದಲ್ಲಿ ಒಂದೂ ಇಲ್ಲ. ಎಲ್ಲವೂ ಪಶ್ಚಿಮದ ಇಳಿಜಾರಿನಲ್ಲಿ, ಶಾಲೆಯ ಮೈದಾನದ ಮೇಲಕ್ಕೆ, ಹರಿದ ಚೀಲದಿಂದ ಉದುರಿದ ಕಾಳಿನ ಹಾಗೆ ಸಾಲಾಗಿ.

"ಈಗ ಬೆಟ್ಟ ಏನು ಹೇಳ್ತಿದೆ? ಈ ಗಳಿಗೆಯಲ್ಲಿ?" ಚಿಕ್ಕಮ್ಮ ಕೇಳಿದಳು.

"ಗೊತ್ತಾಗೋ ದಾರಿಯಿಲ್ಲ," ಎಂದರು ಉಗ್ರಾಣಿ. "ನಮ್ಮ ಮಾಪಕವನ್ನು ಸಾಕ್ಷಿ ಅಂತ ಸಮಿತಿಯವರು ಸೀಲು ಮಾಡಿ ಒಯ್ದಿದ್ದಾರೆ. ನೆರೆಯವರ ಇವತ್ತಿನ ಗೆರೆ ನಾಳೆ ಬರುತ್ತೆ."

ಚಿಕ್ಕಮ್ಮ ಅಧ್ಯಕ್ಷರಿಗೆ ಫೋನು ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಉಗ್ರಾಣಿ ಠಾಣೆಗೆ ಫೋನು ಹಚ್ಚಿ, ಭಾವನ ಹತ್ತಿರ ಮಾತಾಡಬೇಕೆಂದು ಯಾರನ್ನೋ ಗೋಗರೆಯುತ್ತಿದ್ದರು.

ನನ್ನ ಫೋನು ಹೊಡೆದುಕೊಂಡಿತು. ಅಕ್ಕ.

"ಗೆದ್ದಿರಿ ಕಣೇ!" ಅವಳು ಅಳುತ್ತ ನಗುತ್ತಿದ್ದಳು. "ಈಗಷ್ಟೇ ಹೇಳಿದರು. ನಿಮ್ಮ ಭಾವ ಸುಳ್ಳು ಹೇಳಿಲ್ಲವಂತೆ! ನಿನ್ನೆ ತನಕ ಮುಖ ತಿರುಗಿಸಿದವರೆಲ್ಲ ಬಂದು ಕೈ ಹಿಡ್ಕೋತಿದ್ದಾರೆ. ಬಸ್ಸೆಲ್ಲ ವಾಪಸು ಹೋದವು. ಚಿಕ್ಕಮ್ಮನ ಕಾಲಿಗೆ ಬೀಳ್ತೀನಿ ಅಂತ ಹೇಳು."

ಅವಳ ಹಿಂದೆ ಧ್ವನಿವರ್ಧಕ ಕೂಗುತ್ತಿತ್ತು. ಯಾರೂ ಊರಿನ ಕಡೆ ಹೋಗಬಾರದು, ಗೇಟಿಗೆ ಬೀಗ ಹಾಕಲಾಗಿದೆ, ಎಲ್ಲರೂ ಶಾಲೆಯ ಆವರಣದಲ್ಲೇ ಇರಬೇಕು.

"ಅಕ್ಕಾ, ನಾನು ಹೇಳೋದು ಕೇಳು. ಪಾಪು ಎಲ್ಲಿ?"

"ಇಲ್ಲೇ ಮೈದಾನದ ಹಿಂದೆ, ಬೆಟ್ಟದ ಬುಡದಲ್ಲಿ ಆಡ್ತಿದ್ದಾಳೆ. ಎಷ್ಟು ಕರೆದರೂ ಬರ್ತಿಲ್ಲ. ಮಡಿಲು ತುಂಬ ಕಲ್ಲು ಆರಿಸಿಕೊಂಡಿದ್ದಾಳೆ," ಅಕ್ಕ ನಕ್ಕಳು. "ಬೆಳಿಗ್ಗೆಯಿಂದ ಮೇಲಿಂದ ಹೊಸ ಹೊಸ ಕಲ್ಲು ಉರುಳಿ ಬರ್ತಾನೇ ಇದಾವೆ, ನೋಡು."